ಗಂಡು ನಾಯಿಗೆ ಹಿಂಗಾಲಿನ ಬೆಲ್ಟ್: ದುಡ್ಡು ತಗೊಂಡಿದ್ದು ಕಂಪನಿ, ಕೆಲಸಕ್ಕೆ ಬರುವ ಹಾಗೆ ಮಾಡಿದ್ದು ಸೀಟ್ ಕವರ್ ಅಂಗಡಿ

ಆರು ತಿಂಗಳು ಬಳಸಿ ಆಮೇಲೆ ಬರೆಯುತ್ತಿದ್ದೇನೆ. ಡಬ್ಬ ಬಿಚ್ಚಿದ ದಿನವೇ ಐದು ಸ್ಟಾರ್ ಕೊಟ್ಟವರ ಮಾತು ನಂಬಿ ನಾನು ಇದನ್ನು ತರಿಸಿದ್ದು. ಆ ತಪ್ಪನ್ನು ನಾನೂ ಮಾಡುವುದು ಬೇಡ ಅಂತ ಕಾದೆ.

ಇದು ಹಿಂಗಾಲಿನ ಶಕ್ತಿ ಕಮ್ಮಿಯಾದ ನಾಯಿಗಳಿಗೆ ಸೊಂಟದ ಸುತ್ತ ಕಟ್ಟುವ ಬೆಲ್ಟ್. ಎರಡು ತೊಡೆಗೂ ಒಂದೊಂದು ಪಟ್ಟಿ, ಹೊಟ್ಟೆಯ ಕೆಳಗೆ ಅಗಲವಾದ ಸ್ಪಾಂಜಿನ ತುಂಡು, ಬೆನ್ನ ಮೇಲೆ ನಾವು ಹಿಡಿದು ಎತ್ತೋಕೆ ಉದ್ದನೆಯ ಹಿಡಿ. ಆನ್‌ಲೈನಿನಲ್ಲಿ 2,850 ರೂಪಾಯಿ ಕೊಟ್ಟೆ. ತುಮಕೂರಿನಲ್ಲಿ ಮೂರು ಅಂಗಡಿ ಸುತ್ತಿದ್ದೆ. ಕೊರಳಪಟ್ಟಿ ಇದೆ, ಎದೆಗೆ ಹಾಕುವ ಹಾರ್ನೆಸ್ ಇದೆ, ಹುಟ್ಟುಹಬ್ಬದ ಟೋಪಿ ಕೂಡ ಇದೆ, ಇದೊಂದು ಇರಲಿಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ನಮೂನೆಯ ಬೆಲ್ಟನ್ನು ಬೇರೆ ಬೇರೆ ಹೆಸರಲ್ಲಿ ಮಾರುತ್ತಿದ್ದಾರೆ, ಫೋಟೋದಲ್ಲಿ ಹೊಲಿಗೆ ಕೂಡ ಒಂದೇ ಥರ ಕಾಣುತ್ತೆ.

ನಮ್ಮದು ಜರ್ಮನ್ ಶೆಫರ್ಡ್, ಗಂಡು, ಐದೂವರೆ ವರ್ಷ. ಕೆನಲ್ ಕ್ಲಬ್ಬಿನ ಕಾಗದದಲ್ಲಿ ಅವನ ಹೆಸರು ಒಂದು ಸಾಲು ಉದ್ದ ಇದೆ. ಮನೆಯಲ್ಲಿ ಗುಂಡ. ನಾಯಿಗಳ ಅಂದ, ನಡಿಗೆ ನೋಡಿ ಬಹುಮಾನ ಕೊಡುವ ಡಾಗ್ ಶೋಗೆ ಅಂತಲೇ ಬೆಳೆಸಿದ ನಾಯಿ. ಎರಡು ವರ್ಷ ಬೆಂಗಳೂರಿನ ಶೋ ರಿಂಗುಗಳಲ್ಲಿ ಓಡಿದ್ದಾನೆ, ಗೆದ್ದ ಒಂದೆರಡು ಕಪ್‌ಗಳು ಟಿವಿ ಪಕ್ಕದಲ್ಲಿ ಧೂಳು ಹಿಡಿಯುತ್ತಿವೆ. ಮೂರನೇ ವರ್ಷದ ಒಂದು ಶೋನಲ್ಲಿ ಜಡ್ಜು ಎರಡು ಸುತ್ತು ಓಡಿಸಿ, ಅವನ ಹಿಂದೆ ನಿಂತು ನೋಡಿ, ಏನೂ ಹೇಳದೆ ಮುಂದಿನ ನಾಯಿಯನ್ನು ಕರೆದರು. ಮನೆಗೆ ಬಂದು ವಿಡಿಯೋ ನಿಧಾನವಾಗಿ ಹಾಕಿ ನೋಡಿದಾಗ ನಮಗೂ ಕಾಣಿಸಿತು. ಒಂದೊಂದೇ ಕಾಲು ಹಾಕಬೇಕಾದವನು ಮೊಲದ ಹಾಗೆ ಎರಡೂ ಹಿಂಗಾಲು ಜೊತೆಗೆ ಎತ್ತಿ ಹಾರುತ್ತಿದ್ದ. ಅದನ್ನು ನಾವು ಅಷ್ಟು ದಿನ ಹುಮ್ಮಸ್ಸು ಅಂದುಕೊಂಡಿದ್ದೆವು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆವು. ಮತ್ತು ಬರಿಸಿ, ಅಂಗಾತ ಮಲಗಿಸಿ, ಹಿಂಗಾಲು ಎರಡನ್ನೂ ನೇರ ಎಳೆದು ಎಕ್ಸ್‌ರೇ ತೆಗೆದರು. ಹಿಪ್ ಡಿಸ್ಪ್ಲೇಸಿಯಾ, ಅಂದರೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ. ಎಡಗಡೆ ಜಾಸ್ತಿ, ಬಲಗಡೆ ಸ್ವಲ್ಪ ಕಮ್ಮಿ. ನಮ್ಮ ಅತ್ತೆಗೆ ಅರ್ಥ ಮಾಡಿಸಿದ್ದು ಹೀಗೆ: ಒರಳಿನ ಗುಣಿಯಲ್ಲಿ ಗುಂಡುಕಲ್ಲು ಸರಿಯಾಗಿ ಕೂತರೆ ಸಲೀಸಾಗಿ ತಿರುಗುತ್ತೆ ಅಲ್ವಾ, ಗುಣಿಯೇ ಆಳ ಇಲ್ಲದಿದ್ದರೆ ಗುಂಡು ಅಲ್ಲಾಡುತ್ತೆ, ಅಲ್ಲಾಡಿ ಅಲ್ಲಾಡಿ ಎರಡೂ ಸವೆಯುತ್ತವೆ. ಇದು ಹೆಚ್ಚಾಗಿ ವಂಶದಲ್ಲೇ ಬರುವುದು. ಆದರೆ ಮರಿಯಾಗಿದ್ದಾಗ ಬೇಗ ಬೇಗ ತೂಕ ಏರಿಸಿದರೆ, ಜಾರುವ ನೆಲದಲ್ಲಿ ಬೆಳೆಸಿದರೆ ಇನ್ನೂ ಕೆಡುತ್ತೆ. ನಾವು ಎರಡೂ ಮಾಡಿದ್ದೆವು. ದಿನಾ ರಾಗಿ ಗಂಜಿ, ಅದರ ಮೇಲೆ ಕ್ಯಾಲ್ಸಿಯಂ ಸಿರಪ್ಪು ಬಾಟಲಿಗಟ್ಟಲೆ. ರಾಗಿಯಲ್ಲೇ ಕ್ಯಾಲ್ಸಿಯಂ ದಂಡಿಯಾಗಿದೆ, ದೊಡ್ಡ ಜಾತಿಯ ಮರಿಗಳಿಗೆ ಜಾಸ್ತಿಯಾದ ಕ್ಯಾಲ್ಸಿಯಂ ಮೂಳೆಗೆ ಒಳ್ಳೆಯದಲ್ಲ ಅಂತ ಡಾಕ್ಟ್ರು ಹೇಳಿದಾಗ ನಾನು ನೆಲ ನೋಡುತ್ತಾ ಕೂತೆ. ಮರಿ ಮಾರಿದವರು ಅಪ್ಪ ಅಮ್ಮ ಗೆದ್ದ ಕಪ್‌ಗಳ ಫೋಟೋ ಎಲ್ಲ ತೋರಿಸಿದ್ದರು, ಸೊಂಟದ ಎಕ್ಸ್‌ರೇ ತೋರಿಸಿರಲಿಲ್ಲ. ನಾವೂ ಕೇಳಿರಲಿಲ್ಲ. ಜರ್ಮನಿಯ ಶೆಫರ್ಡ್ ಕ್ಲಬ್ಬಿನಲ್ಲಿ ಆ ಎಕ್ಸ್‌ರೇ ಪಾಸಾಗದ ನಾಯಿಯಿಂದ ಮರಿ ಮಾಡಿಸೋ ಹಾಗೇ ಇಲ್ಲ.

ಇನ್ನು ಬೆಲ್ಟಿನ ವಿಷಯ. ನಮ್ಮ ಮನೆ ಬಾಗಿಲಿಗೆ ಏಳು ಮೆಟ್ಟಿಲು. ಚಳಿಗಾಲದ ಬೆಳಿಗ್ಗೆ ಗುಂಡ ಎದ್ದು ನಿಲ್ಲೋಕೇ ಐದು ನಿಮಿಷ, ಆಮೇಲೆ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡುತ್ತಾ ಇರುತ್ತಿದ್ದ. ನಮ್ಮ ಮನೆಯವರು ಆರು ಗಂಟೆಗೇ ಫ್ಯಾಕ್ಟರಿ ಬಸ್ ಹಿಡಿಯುತ್ತಾರೆ. 41 ಕೆಜಿ ನಾಯಿ, ನಾನು ಒಬ್ಬಳು. ಮೊದಲು ಹಳೇ ಟವೆಲ್ಲನ್ನು ಹೊಟ್ಟೆ ಕೆಳಗೆ ತೂರಿಸಿ ಎರಡು ತುದಿ ಹಿಡಿದು ಇಳಿಸುತ್ತಿದ್ದೆ. ಖರ್ಚಿಲ್ಲದ ಉಪಾಯ, ನಾಲ್ಕು ದಿನಕ್ಕಾದರೆ ಸಾಕು. ಆದರೆ ಟವೆಲ್ ಜಾರಿ ಮುಂದಕ್ಕೆ ಹೋಗುತ್ತೆ, ಭಾರವೆಲ್ಲ ಹೊಟ್ಟೆ ಮೇಲೆ ಬೀಳುತ್ತೆ, ಗಂಡು ನಾಯಿಗೆ ಅದು ಎಲ್ಲಿ ಒತ್ತುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬೆಲ್ಟು ಬಂತು. ಮೆಟ್ಟಿಲಿಗೆ ಇದು ನಿಜಕ್ಕೂ ವರ. ತೊಡೆಯ ಪಟ್ಟಿಗಳು ಇರುವುದರಿಂದ ಭಾರ ಸೊಂಟದ ಮೇಲೆ ಸರಿಯಾಗಿ ಹಂಚಿಕೊಳ್ಳುತ್ತೆ, ಹಿಡಿ ಉದ್ದ ಇರುವುದರಿಂದ ನನ್ನ ಬೆನ್ನು ಬಗ್ಗುವುದಿಲ್ಲ. ಮೊದಲ ದಿನವೇ ಏಳು ಮೆಟ್ಟಿಲು ನಿಲ್ಲದೆ ಇಳಿದ. ಹೊಲಿಗೆ ಗಟ್ಟಿ, ಬಕಲ್ ಗಟ್ಟಿ, ಆರು ತಿಂಗಳಲ್ಲಿ ಒಂದು ದಾರ ಬಿಟ್ಟಿಲ್ಲ. ಇಷ್ಟಕ್ಕೆ ಪೂರ್ತಿ ಅಂಕ.

ಎರಡನೇ ದಿನ ಉಚ್ಚೆಯ ರಗಳೆ ಶುರುವಾಯಿತು. ಹೊಟ್ಟೆ ಕೆಳಗಿನ ಸ್ಪಾಂಜು ಗಂಡು ನಾಯಿಯ ಜಾಗಕ್ಕೆ ಸರಿಯಾಗಿ ಅಡ್ಡ ಬರುತ್ತೆ. ‘ಗಂಡು ಹೆಣ್ಣು ಎರಡಕ್ಕೂ’ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದಾರೆ, ಬರೆದವರು ಗಂಡು ನಾಯಿಯನ್ನು ಪಕ್ಕದಿಂದ ಒಮ್ಮೆಯಾದರೂ ನೋಡಿದ್ದಾರೋ ಇಲ್ಲವೋ. ಒದ್ದೆಯಾದ ಸ್ಪಾಂಜು ಚರ್ಮಕ್ಕೆ ಅಂಟಿಕೊಂಡು ನಾಲ್ಕನೇ ದಿನಕ್ಕೆ ತೊಡೆಸಂದಿ ಕೆಂಪಾಯಿತು. ಕಸ್ಟಮರ್ ಕೇರಿಗೆ ಫೋಟೋ ಕಳಿಸಿದರೆ ‘ಒಂದು ಸೈಜ್ ದೊಡ್ಡದು ತಗೊಳ್ಳಿ’ ಅಂದರು. ತಗೊಂಡೆ. ಅಡ್ಡ ಬರುವ ತುಂಡೂ ಒಂದು ಸೈಜ್ ದೊಡ್ಡದಾಯಿತು, ಅಷ್ಟೇ. ಬದಲಾಯಿಸಿದ್ದಕ್ಕೆ ಕೊರಿಯರ್ ದುಡ್ಡು ನನ್ನದೇ. ದೊಡ್ಡದು ಸಡಿಲವಾಗಿ ಜಾರೋಕೆ ಶುರುವಾದ ಮೇಲೆ ಮತ್ತೆ ಹಳೇ ಸೈಜಿಗೇ ಬಂದೆ, ಮತ್ತೆ ಕೊರಿಯರ್.

ಇನ್ನೊಂದು ತೊಂದರೆ ಶೋ ನಾಯಿ ಸಾಕಿದವರಿಗೆ ಮಾತ್ರ ಉರಿಯುವಂಥದ್ದು. ವೆಲ್ಕ್ರೋ! ಶೆಫರ್ಡ್‌ಗೆ ಎರಡು ಪದರ ಕೂದಲು, ತೊಡೆಯ ಹಿಂಭಾಗದಲ್ಲಿ ಉದ್ದ ಬೇರೆ. ಒಳಪದರದ ಕೂದಲು ವೆಲ್ಕ್ರೋದಲ್ಲಿ ಉಂಡೆ ಕಟ್ಟುತ್ತೆ, ಎರಡು ವಾರಕ್ಕೆ ಅದು ಅಂಟುವುದನ್ನೇ ಬಿಡುತ್ತೆ. ಬಿಚ್ಚುವಾಗ ಚರ್ ಅಂತ ಕೂದಲು ಕಿತ್ತು ಬರುತ್ತೆ. ಇಷ್ಟು ವರ್ಷ ಬಾಚಿ ಬಾಚಿ ಉಳಿಸಿದ ತೊಡೆಯ ಕೂದಲು ಒಂದೇ ತಿಂಗಳಲ್ಲಿ ಗೆದ್ದಲು ತಿಂದ ಹಾಗಾಯಿತು. ರಿಂಗಿಗೆ ಇನ್ನು ಹೋಗುವುದಿಲ್ಲ, ನಿಜ, ಆದರೂ ಹೊಟ್ಟೆ ಉರಿಯುತ್ತೆ ಅಲ್ವಾ.

ಹಿಂತಿರುಗಿಸುವ ಗಡುವು ಅಷ್ಟರಲ್ಲಿ ಮುಗಿದಿತ್ತು. ಬಿ.ಎಚ್. ರಸ್ತೆಯಲ್ಲಿ ನಮ್ಮ ಕಾರಿಗೆ ಸೀಟ್ ಕವರ್ ಹೊಲಿದಿದ್ದ ಅಂಗಡಿಗೆ ಬೆಲ್ಟು, ನಾಯಿ ಎರಡನ್ನೂ ಕರೆದುಕೊಂಡು ಹೋದೆ. ಅಂಗಡಿಯವರು ವಯಸ್ಸಾದವರು, ಮೊದಲು ಎರಡು ಹೆಜ್ಜೆ ಹಿಂದೆ ಸರಿದರು. “ಕಚ್ಚಲ್ಲ ಬಿಡಿ ಯಜಮಾನ್ರೇ, ಅವನಿಗೆ ಫೋಟೋ ತೆಗೆಸಿಕೊಂಡು ಅಭ್ಯಾಸ” ಅಂದೆ. “ಫೋಟೋ ಅಲ್ಲಮ್ಮ, ನಾನು ಅಳತೆ ತಗೋಬೇಕು” ಅಂದರು. ತಗೊಂಡರು. ಹೊಟ್ಟೆ ಕೆಳಗಿನ ತುಂಡಿಗೆ ಮುಂದಿನಿಂದ ಅರ್ಧಚಂದ್ರದ ಹಾಗೆ ಕತ್ತರಿಸಿ ಅಂಚಿಗೆ ಪೈಪಿಂಗ್ ಹೊಲಿದರು. ವೆಲ್ಕ್ರೋ ಎಲ್ಲ ಕಿತ್ತು ಸ್ಕೂಲ್ ಬ್ಯಾಗಿಗೆ ಹಾಕುವ ಪ್ಲಾಸ್ಟಿಕ್ ಬಕಲ್ ಹಾಕಿದರು. ತೊಡೆಯ ಪಟ್ಟಿಯ ಒಳಗಡೆಗೆ ಮೆತ್ತನೆ ಬಟ್ಟೆ. 350 ರೂಪಾಯಿ, ಒಂದೂವರೆ ಗಂಟೆ, ಮಧ್ಯದಲ್ಲಿ ನನಗೆ ಒಂದು ಟೀ. ಅವತ್ತಿನಿಂದ ಉಚ್ಚೆಯ ತೊಂದರೆ ಇಲ್ಲ, ಚರ್ಮ ಕೆಂಪಾಗಿಲ್ಲ. ಆ ಅಂಗಡಿಗೆ ಬೇರೆ ಐದು ಸ್ಟಾರ್ ಕೊಡಬೇಕು, ಆದರೆ ಅವರ ಬೋರ್ಡಿನ ಹೆಸರು ಬಿಸಿಲಿಗೆ ಪೂರ್ತಿ ಮಾಸಿಹೋಗಿದೆ.

ಬಳಸುವ ರೀತಿ ಕೂಡ ಡಬ್ಬದಲ್ಲಿ ಸರಿಯಾಗಿ ಬರೆದಿಲ್ಲ. ಫೋಟೋದಲ್ಲಿ ಹಿಂಗಾಲು ಗಾಳಿಯಲ್ಲಿ ತೂಗುವ ಹಾಗೆ ಎತ್ತಿ ಹಿಡಿದಿದ್ದಾರೆ. ಸ್ವಲ್ಪವಾದರೂ ಶಕ್ತಿ ಉಳಿದಿರುವ ನಾಯಿಗೆ ಹಾಗೆ ಮಾಡಬಾರದು. ಕಾಲು ನೆಲ ಮುಟ್ಟಬೇಕು, ಹೆಜ್ಜೆ ಅದೇ ಹಾಕಬೇಕು, ನಾವು ಒಂದಿಷ್ಟು ಭಾರ ಮಾತ್ರ ತಗೊಳ್ಳಬೇಕು. ಇಲ್ಲದಿದ್ದರೆ ತೊಡೆಯ ಮಾಂಸ ಕರಗುತ್ತೆ. ಸಡಿಲ ಕೀಲನ್ನು ಹಿಡಿದಿಟ್ಟುಕೊಳ್ಳುವುದೇ ಆ ಮಾಂಸ. ನಾನು ತಿಂಗಳಿಗೊಮ್ಮೆ ಟೈಲರ್ ಟೇಪಿನಲ್ಲಿ ಎರಡೂ ತೊಡೆ ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ, ಅಮಾವಾಸ್ಯೆ ಪಕ್ಕದಲ್ಲೇ. ರಾತ್ರಿ ಬೆಲ್ಟು ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಕೂದಲು ಸರಿಸಿ ಚರ್ಮ ನೋಡಬೇಕು.

ನೆಲದ ಬಗ್ಗೆ ಹೇಳದೆ ಈ ಬೆಲ್ಟಿನ ಬಗ್ಗೆ ಹೇಳಿದರೆ ಮೋಸ ಮಾಡಿದ ಹಾಗೆ. ಬೆಲ್ಟು ಮೆಟ್ಟಿಲಿಗೆ ಆಯಿತು, ಮಿಕ್ಕ ಇಪ್ಪತ್ಮೂರು ಗಂಟೆ ಅವನು ಓಡಾಡುವುದು ಮನೆಯೊಳಗಿನ ಗ್ರಾನೈಟ್ ಮೇಲೆ. ಕನ್ನಡಿಯಂಥ ನೆಲ, ಕಾಲು ಜಾರಿ ಜಾರಿ ಅಗಲವಾಗುತ್ತೆ. ಆಮದು ಮಾಡಿದ ರಬ್ಬರ್ ಮ್ಯಾಟಿನ ಬೆಲೆ ಕೇಳಿ ವಾಪಸ್ ಬಂದು, ಮಂಡಿಪೇಟೆಯಲ್ಲಿ ತೆಂಗಿನ ನಾರಿನ ಮ್ಯಾಟು ಅಡಿ ಲೆಕ್ಕದಲ್ಲಿ ತಗೊಂಡೆ. ಕಲ್ಪತರು ನಾಡಿನಲ್ಲಿ ಇದ್ದುಕೊಂಡು ನಾರಿಗೆ ಬರವೇ? ನಡುಮನೆಯಿಂದ ಬಾಗಿಲವರೆಗೆ, ನೀರಿನ ಬಟ್ಟಲ ಕೆಳಗೆ, ಅವನು ಮಲಗಿ ಏಳುವ ಜಾಗಕ್ಕೆ ಒಟ್ಟು 1,600 ರೂಪಾಯಿ ಆಯಿತು. ಕೆಳಗೆ ರಬ್ಬರ್ ಬಳಿದಿರುವುದನ್ನೇ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಮ್ಯಾಟೇ ಜಾರುತ್ತೆ. ನಾರು ಉದುರುತ್ತೆ ಅಂತ ಅತ್ತೆ ದಿನಾ ಗೊಣಗುತ್ತಾರೆ, ಗುಡಿಸುವವರೂ ಅವರೇ, ಹಾಗಾಗಿ ನಾನು ಸುಮ್ನಿರುತ್ತೇನೆ. ಆದರೆ ಈಗ ಗುಂಡ ಒಂದೇ ಸಲಕ್ಕೆ ಎದ್ದು ನಿಲ್ಲುತ್ತಾನೆ. ಪಂಜದ ಅಡಿಯ ಕೂದಲನ್ನೂ ಕತ್ತರಿಸುತ್ತಿರಿ, ಅದೂ ಜಾರಿಸುತ್ತೆ.

ತೂಕ ಇಳಿಸಿದ್ದು ಮೂರನೆಯದು. ಗಂಡು ಶೆಫರ್ಡ್ 30ರಿಂದ 40 ಕೆಜಿ ಇರಬೇಕು ಅಂತ ತಳಿಯ ಮಾನದಂಡದಲ್ಲೇ ಇದೆ. ನಮ್ಮವನು ಹೆಸರಿಗೆ ತಕ್ಕ ಹಾಗೆ ಗುಂಡಗಾಗಿದ್ದ. ಡಾಕ್ಟ್ರು ಒಂದು ಅಧ್ಯಯನದ ಬಗ್ಗೆ ಹೇಳಿದರು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಮ್ಮಿ ಊಟ ಹಾಕಿ, ಸಾಯುವ ತನಕ ನೋಡಿದರಂತೆ. 2002ರಲ್ಲಿ ಅದರ ಫಲಿತಾಂಶ ಬಂತು. ಕಮ್ಮಿ ತಿಂದವು ಹತ್ತಿರ ಹತ್ತಿರ ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಅದನ್ನು ಕೇಳಿದ ಮೇಲೆ ಊಟದ ಹೊತ್ತಲ್ಲಿ ಮೇಜಿನ ಕೆಳಗೆ ಚಪಾತಿ ಹೋಗುವುದು ನಿಂತಿತು. ಸದ್ಯ 36 ಕೆಜಿ. ಎತ್ತುವವಳಿಗೆ ಈ ಐದು ಕೆಜಿ ಏನು ಅಂತ ಗೊತ್ತು.

ನೋವಿನ ಮಾತ್ರೆ ಡಾಕ್ಟ್ರು ಬರೆದ ದಿನ ಮಾತ್ರ. ಪಕ್ಕದ ಮನೆಯವರು ಪ್ರೀತಿಯಿಂದ ತಂದುಕೊಟ್ಟ ಮನುಷ್ಯರ ಐಬುಪ್ರೊಫೇನ್ ಕೊಡಬೇಡಿ, ನಾಯಿಗೆ ಅದು ವಿಷ, ಹೊಟ್ಟೆಯಲ್ಲಿ ಹುಣ್ಣಾಗುತ್ತೆ, ಕಿಡ್ನಿ ಕೆಡುತ್ತೆ. ಈಜಿಸಿದರೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ತೋಟದ ಕೃಷಿ ಹೊಂಡಕ್ಕೆ ಇಳಿಸೋಕೂ ಹೋಗಬೇಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಿಂದ ಗಟ್ಟಿಮುಟ್ಟಾದ ನಾಯಿಯೇ ಹತ್ತಿ ಬರುವುದು ಕಷ್ಟ. ಮಾತ್ರೆ ನುಂಗಿಸಿ ಕುಂಟು ಮುಚ್ಚಿ ರಿಂಗಿಗೆ ಇಳಿಸುವವರ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದಿಲ್ಲ. ಮೇಟಿಂಗಿಗೆ ಕೊಡಿ ಅಂತ ಈಗಲೂ ಫೋನ್ ಬರುತ್ತೆ. ಎಕ್ಸ್‌ರೇ ಕಳಿಸುತ್ತೇನೆ, ಮತ್ತೆ ಅವರ ಫೋನ್ ಬರುವುದಿಲ್ಲ.

ಒಂದು ತಮಾಷೆ ಇದೆ. ಶೋ ನಾಯಿಗೆ ಸೊಂಟದ ಹತ್ತಿರ ಕೈ ತಾಗಿದರೆ ನಿಲ್ಲುವ ಭಂಗಿ ನೆನಪಾಗುತ್ತೆ. ಬೆಲ್ಟಿನ ಬಕಲ್ ಟಕ್ ಅಂದ ಕೂಡಲೇ ಗುಂಡ ತಲೆ ಎತ್ತಿ, ಒಂದು ಹಿಂಗಾಲು ಹಿಂದಕ್ಕೆ ಚಾಚಿ, ಜಡ್ಜು ಬರುತ್ತಾರೆ ಅನ್ನೋ ಹಾಗೆ ಕಲ್ಲಾಗಿ ನಿಲ್ಲುತ್ತಿದ್ದ. ನೋಡೋಕೆ ಚೆಂದ, ಆದರೆ ಹಾಗೆ ನಿಂತರೆ ಇನ್ನೊಂದು ಹಿಂಗಾಲಿನ ಮೇಲೆ ಭಾರ ಜಾಸ್ತಿ. ಎರಡು ವರ್ಷ ಲಿವರ್ ತುಂಡು ಕೊಟ್ಟು ಕಲಿಸಿದ್ದನ್ನು ಈಗ ಕ್ಯಾರೆಟ್ ತುಂಡು ಕೊಟ್ಟು ಮರೆಸುತ್ತಿದ್ದೇನೆ. ಮುಕ್ಕಾಲು ಪಾಲು ಮರೆತಿದ್ದಾನೆ.

ಅಂಕ ಹೇಳುವುದಾದರೆ, ಹೆಣ್ಣು ನಾಯಿಗೆ, ಅದೂ ಗಿಡ್ಡ ಕೂದಲಿದ್ದರೆ, ಐದಕ್ಕೆ ನಾಲ್ಕು. ಗಂಡಿಗೆ ಡಬ್ಬದಿಂದ ತೆಗೆದ ಹಾಗೇ ಎರಡು, ಕತ್ತರಿಸಿ ಹೊಲಿಸಿದ ಮೇಲೆ ನಾಲ್ಕು. ಸೈಜಿಗೆ ತೂಕ ನೋಡಬೇಡಿ, ತೊಡೆಯ ಮುಂದೆ ಸೊಂಟದ ಸುತ್ತಳತೆ ತಗೊಳ್ಳಿ, ಕೂದಲನ್ನು ಒತ್ತಿ ಹಿಡಿದು. ಮೆಟ್ಟಿಲೇ ಇಲ್ಲದ ಮನೆಯಾದರೆ ಮೊದಲು ನಾರಿನ ಮ್ಯಾಟು ತಗೊಳ್ಳಿ, ಬೆಲ್ಟಿನ ಮಾತು ಆಮೇಲೆ. ಸೀಟ್ ಕವರ್ ಅಂಗಡಿಗೆ ಹೋಗುವವರು ನಾಯಿಯನ್ನೂ ಕರೆದುಕೊಂಡು ಹೋಗಿ, ಬರೀ ಅಳತೆ ಬರೆದುಕೊಂಡು ಹೋದರೆ ಅವರು ಹೊಲಿಯುವುದಿಲ್ಲ. ಭಾನುವಾರ ರಜೆ.