ಎಟಿಮ್‌ಆನ್‌ಲೈನ್: ಇಂಗ್ಲಿಷ್ ಪದಗಳ ಹುಟ್ಟೂರು ಹೇಳುವ ತಾಣ

ಶಿರಸಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪಾಠದ ತಯಾರಿಗೆ ಪಠ್ಯಪುಸ್ತಕ ಬಿಟ್ಟರೆ ನಾನು ಜಾಸ್ತಿ ತೆರೆಯುವುದು ಎಟಿಮ್‌ಆನ್‌ಲೈನ್ ಎಂಬ ತಾಣವನ್ನು. ಇಂಗ್ಲಿಷ್ ಪದ ಎಲ್ಲಿಂದ ಬಂತು, ಅರ್ಥ ಹೇಗೆ ಬದಲಾಯಿತು ಅಂತ ಹೇಳುವ ನಿಘಂಟು ಇದು. ಅಮೆರಿಕದ ಡಗ್ಲಾಸ್ ಹಾರ್ಪರ್ ಕಟ್ಟಿದ್ದು. ಪದ ಹುಡುಕಲು ದುಡ್ಡು ಕೊಡಬೇಕಿಲ್ಲ.

ಮೇಲಿನ ಚೌಕದಲ್ಲಿ ಪದ ಟೈಪ್ ಮಾಡಿದರೆ ಆಯಿತು. ಹೆಚ್ಚಿನ ಪದಗಳ ಜೊತೆ ಒಂದು ಇಸವಿಯೋ ಶತಮಾನವೋ ಇರುತ್ತದೆ. ಅದು ಪದ ಹುಟ್ಟಿದ ವರ್ಷ ಅಲ್ಲ, ಈಗ ಉಳಿದಿರುವ ಬರಹಗಳಲ್ಲಿ ಅದು ಮೊದಲು ಸಿಗುವ ಕಾಲ. ಜನರ ಬಾಯಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು.

ನಮ್ಮ ಮಕ್ಕಳು ದಿನಾ ಹೇಳುವ 'ನೈಸ್' ಪದವನ್ನೇ ನೋಡಿ. ಬೇರು ಲ್ಯಾಟಿನ್ನಿನ 'ನೆಸ್ಕಿಯುಸ್'. 'ನೆ' ಅಂದರೆ ಇಲ್ಲ, 'ಸ್ಕೀರೆ' ಅಂದರೆ ತಿಳಿಯುವುದು. ಫ್ರೆಂಚ್ ಹಾದು 13ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದಾಗ ಯಾರನ್ನಾದರೂ 'ನೈಸ್' ಅಂದರೆ ದಡ್ಡ ಅಂತ ಬೈದ ಹಾಗೆ. ಆಮೇಲೆ ಪುಕ್ಕಲ ಅಂತಾಯಿತು, ಎಲ್ಲದಕ್ಕೂ ಕೊಂಕು ತೆಗೆಯುವವ ಅಂತಾಯಿತು, ನಾಜೂಕು, ಕರಾರುವಾಕ್ಕು ಅಂತಲೂ ಆಯಿತು. 'ಹಿತವಾದದ್ದು' ಎಂಬ ಅರ್ಥ ಸಿಗುವುದು 1769ರಲ್ಲಿ, 'ಒಳ್ಳೆಯ ಮನಸ್ಸಿನವ' ಎಂಬುದು 1830ರಲ್ಲಿ. 'ಸೈನ್ಸ್' ಪದವೂ ಅದೇ 'ಸ್ಕೀರೆ'ಯಿಂದ ಬಂದದ್ದು. ಇದನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನಿಂದ "ಅಕ್ಕೋರೇ, ಹಾಗಾದ್ರೆ ನೈಸಿಗೂ ಸೈನ್ಸಿಗೂ ನೆಂಟಸ್ತಿಕೆ ಉಂಟಾ?" ಅಂತ ಪ್ರಶ್ನೆ ಬಂತು. ಅವತ್ತು ಪಾಠ ಮುಂದೆ ಹೋಗಲೇ ಇಲ್ಲ. ನನಗೆ ಅಂಥ ದಿನಗಳೇ ಇಷ್ಟ.

ಈ ತಾಣದ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಮಾತ್ರ ಬೇರೆ ಕಾರಣಕ್ಕೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯುತ್ತದೆ. 'ಪಾಶ್' ಪದದ ಬಗ್ಗೆ ಒಂದು ಕಥೆ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ, ನೀವೂ ಓದಿರುತ್ತೀರಿ. ಇಂಡಿಯಾಕ್ಕೆ ಹಡಗಿನಲ್ಲಿ ಬರುತ್ತಿದ್ದ ಶ್ರೀಮಂತ ಬ್ರಿಟಿಷರು ಬರುವಾಗ ಎಡಬದಿಯ ಕೋಣೆ, ಹೋಗುವಾಗ ಬಲಬದಿಯ ಕೋಣೆ ಹಿಡಿಯುತ್ತಿದ್ದರಂತೆ. ಬಿಸಿಲು ತಪ್ಪಿಸಿಕೊಳ್ಳಲು. ಇಂಗ್ಲಿಷಿನಲ್ಲಿ ಅದು 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್', ಆ ನಾಲ್ಕು ಮಾತುಗಳ ಮೊದಲಕ್ಷರ ಸೇರಿ 'ಪಾಶ್' ಆಯಿತಂತೆ. ಕೇಳಲು ಚೆಂದ, ಆದರೆ ಆಧಾರವೇ ಇಲ್ಲ. ಎಟಿಮ್‌ಆನ್‌ಲೈನ್ ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಮಕ್ಕಳ ಮುಂದೆ ನಿಲ್ಲುವವರಿಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮ ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಖುಷಿ ಇದೆ. 'ಟೀಕ್', 'ಅರೆಕಾ' ಎರಡೂ ಪೋರ್ಚುಗೀಸರ ಕೈಯಿಂದ ಇಂಗ್ಲಿಷಿಗೆ ಹೋದವು. ಅವರಿಗೆ ಸಿಕ್ಕಿದ್ದು ಮಲಯಾಳದಲ್ಲಿ. ನಮ್ಮ ತೇಗ, ಅಡಿಕೆ ಅವುಗಳ ಒಡಹುಟ್ಟು. 'ಶುಗರ್' ಪದದ ಮೂಲ ಸಂಸ್ಕೃತದ ಶರ್ಕರಾ. ಅದು ಪರ್ಶಿಯನ್, ಅರೇಬಿಕ್, ಲ್ಯಾಟಿನ್, ಫ್ರೆಂಚ್ ಸುತ್ತಿಕೊಂಡು ಇಂಗ್ಲೆಂಡ್ ಮುಟ್ಟಿತು. ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ಜ್ಯಾಗರಿ'ಯ ಮೂಲವೂ ಅದೇ ಶರ್ಕರಾ! ಆದರೆ ಅದು ನಮ್ಮ ಪಡುವಣ ಕಡಲ ಕಡೆಯಿಂದ ಪೋರ್ಚುಗೀಸರ ಬಾಯಿ ಹಾದು ಹೋಯಿತು. ನಮ್ಮ ಸಕ್ಕರೆಗೂ ಬೇರು ಅದೇ. 'ಶುಗರ್', 'ಜ್ಯಾಗರಿ' ಎರಡನ್ನೂ ಒಂದರ ಪಕ್ಕ ಒಂದು ತೆರೆದಿಟ್ಟು ಓದಿ, ಚೆನ್ನಾಗಿರುತ್ತದೆ.

ತೊಡಕುಗಳೂ ಇವೆ. ವಿವರಣೆ ದಟ್ಟವಾಗಿದೆ, ಭಾಷೆಗಳ ಹೆಸರು ಒಂದರ ಹಿಂದೆ ಒಂದು ಬರುತ್ತವೆ. ಕೆಲವು ಬೇರುಗಳ ಮುಂದೆ ನಕ್ಷತ್ರದ ಗುರುತು ಇರುತ್ತದೆ. ಆ ರೂಪ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಹೋಲಿಸಿ ನೋಡಿ ಕಟ್ಟಿದ್ದು ಅಂತ ಅದರ ಅರ್ಥ. ಹೊಸಬರಿಗೆ ಇದು ಸುಮ್ನೆ ನೋಡಿದರೆ ತಿಳಿಯುವುದಿಲ್ಲ. ಕನ್ನಡದಲ್ಲಿ ವಿವರಣೆ ಇಲ್ಲ. ಹಾಗಾಗಿ ನಾನು ಮೊದಲೇ ಓದಿ, ಸಾರವನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಕ್ಲಾಸಿಗೆ ಹೋಗುತ್ತೇನೆ.

ಹೈಸ್ಕೂಲು, ಪಿಯುಸಿ ಮಕ್ಕಳಿಗೆ, ಇಂಗ್ಲಿಷ್ ಕಲಿಸುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಬಳಸಿ. ಅದಕ್ಕಿಂತ ಚಿಕ್ಕ ಮಕ್ಕಳಾದರೆ ನೀವೇ ಪಕ್ಕದಲ್ಲಿ ಕೂತು ಓದಿ ಹೇಳಬೇಕಾಗುತ್ತದೆ.