ಕಿಡ್ನಿ ಕಸಿಯಾದವರಿಗೆ ನಂಬಿಕೆಯ ಔಷಧ ಅಂಗಡಿ, ಸ್ಟೇಷನ್ ರಸ್ತೆ, ರಾಯಚೂರು

ಕಿಡ್ನಿ ಕಸಿಯಾದವರು ಮನೆಯಲ್ಲಿದ್ದರೆ ಔಷಧ ಅಂಗಡಿಯನ್ನು ರಿಯಾಯಿತಿ ನೋಡಿ ಆರಿಸಿಕೊಳ್ಳಲಾಗದು. ಚೀಟಿಯಲ್ಲಿ ಬರೆದದ್ದನ್ನು ಎಣಿಸಿ ಕೊಡುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ; ಹೊಸದಾಗಿ ಬರೆದ ಗುಳಿಗೆಯು ರೋಗಿ ಈಗಾಗಲೇ ನುಂಗುತ್ತಿರುವ ಗುಳಿಗೆಗಳಿಗೆ ಹೊಂದುತ್ತದೆಯೇ ಎಂದು ಕೇಳುವವರು ಅಪರೂಪ. ಸ್ಟೇಷನ್ ರಸ್ತೆಯ ಈ ಅಂಗಡಿಯಲ್ಲಿ ಹಾಗೆ ಕೇಳುತ್ತಾರೆ. ನಾನು ಈ ವಿಮರ್ಶೆ ಬರೆಯುತ್ತಿರುವುದು ಮುಖ್ಯವಾಗಿ ಆ ಕಾರಣಕ್ಕೆ.

ನಮ್ಮ ತಾಯಿಯವರ ಒಂದು ಮೂತ್ರಪಿಂಡವನ್ನು ನನ್ನ ತಮ್ಮನಿಗೆ ಹೈದರಾಬಾದಿನಲ್ಲಿ ಕಸಿ ಮಾಡಲಾಗಿದೆ. ದೇಹವು ಆ ಅಂಗವನ್ನು ತಿರಸ್ಕರಿಸದಿರಲೆಂದು ಅವನು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಪ್ರೆಡ್ನಿಸೋಲೋನ್ ಎಂಬ ಮೂರು ಔಷಧಗಳನ್ನು ನಿತ್ಯ ತೆಗೆದುಕೊಳ್ಳುತ್ತಾನೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದೇ ಇವುಗಳ ಕೆಲಸವಾದ್ದರಿಂದ, ಇಂಥವರಿಗೆ ಕೊರೋನಾ ತಗುಲಿದರೆ ಅದು ಬೇಗ ಉಲ್ಬಣಿಸಬಹುದು. ವೈರಸ್ ವಾರಗಟ್ಟಲೆ ದೇಹದಲ್ಲಿ ಉಳಿಯಲೂಬಹುದು. ಲಸಿಕೆಯನ್ನು ನಂಬಿ ನಿಶ್ಚಿಂತರಾಗಿ ಕೂರುವಂತೆಯೂ ಇಲ್ಲ. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಅಂಗ ಕಸಿಯಾದ 658 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ, ಎಂಆರ್‌ಎನ್‌ಎ ಲಸಿಕೆಯ (ಫೈಜರ್, ಮಾಡರ್ನಾ ಬಗೆಯದು) ಎರಡು ಡೋಸ್ ಪಡೆದ ಮೇಲೂ ಶೇ 46ರಷ್ಟು ಜನರಲ್ಲಿ ವೈರಸ್ಸನ್ನು ಎದುರಿಸುವ ಪ್ರತಿಕಾಯಗಳು ಕಂಡುಬರಲಿಲ್ಲ. ಬೇರೆ ಮನೆಗಳವರು ಕೊರೋನಾವನ್ನು ಮರೆತರೂ ನಮ್ಮಂಥ ಮನೆಗಳಲ್ಲಿ ಜ್ವರ ಬಂದೊಡನೆ ಮೊದಲು ನೆನಪಾಗುವುದು ಅದೇ.

ಹೋದ ವರ್ಷ ತಮ್ಮನಿಗೆ ಜ್ವರ ಮತ್ತು ಒಣಕೆಮ್ಮು ಶುರುವಾದಾಗ ಹತ್ತಿರದ ಒಂದು ಚಿಕಿತ್ಸಾಲಯದಲ್ಲಿ ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಕಸಿಯಾಗಿದೆ ಎಂದು ನಾವು ಹೇಳಿದ್ದೆವು. ಯಾವ ಯಾವ ಔಷಧ ನಡೆದಿದೆ ಎಂದು ಅಲ್ಲಿ ಯಾರೂ ವಿಚಾರಿಸಲಿಲ್ಲ. ಆ ಚೀಟಿಯನ್ನು ಇಲ್ಲಿ ಕೊಟ್ಟಾಗ ಫಾರ್ಮಸಿಸ್ಟ್ ತಮ್ಮ ರಿಜಿಸ್ಟರ್ ತೆಗೆದು ತಮ್ಮನ ಹೆಸರಿನ ಪುಟ ನೋಡಿದರು. “ಅಕ್ಕಾರ, ಈ ಗುಳಿಗಿ ಈಗ ಕೊಡಂಗಿಲ್ಲರಿ. ಮೊದಲ ಹೈದರಾಬಾದ್ ಡಾಕ್ಟರಿಗೆ ಫೋನ್ ಹಚ್ಚರಿ” ಎಂದರು. ಟ್ಯಾಕ್ರೋಲಿಮಸ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವನ್ನು ಕ್ಲಾರಿಥ್ರೋಮೈಸಿನ್ ತಡೆಯುತ್ತದೆ. ಆಗ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣ ಏರಿ, ಯಾವ ಮೂತ್ರಪಿಂಡವನ್ನು ಕಾಪಾಡಲೆಂದು ಅದನ್ನು ನುಂಗುತ್ತಾರೋ ಅದಕ್ಕೇ ಪೆಟ್ಟು ಬೀಳುತ್ತದೆ. ಕೊರೋನಾಕ್ಕೆಂದೇ ಬಂದ ಪ್ಯಾಕ್ಸ್‌ಲೋವಿಡ್‌ನಲ್ಲಿರುವ ರಿಟೊನಾವಿರ್ ಈ ಕಿಣ್ವವನ್ನು ತಡೆಯುವುದರಲ್ಲಿ ಇನ್ನೂ ಪ್ರಬಲ ಎಂಬುದನ್ನೂ ಅವರೇ ತಿಳಿಸಿದರು. ಗಲ್ಲೆಯ ಮುಂದೆ ಗಿರಾಕಿಗಳು ಕಾಯುತ್ತಿದ್ದರೂ ಇಷ್ಟನ್ನು ಬಿಡಿಸಿ ಹೇಳುವ ತಾಳ್ಮೆ ಅವರಿಗಿತ್ತು.

ಹೈದರಾಬಾದಿನ ವೈದ್ಯರು ಆ ಔಷಧವನ್ನು ಬಿಡಿಸಿ, ಅಂದೇ ಗಂಟಲು ದ್ರವದ ಪರೀಕ್ಷೆ ಮಾಡಿಸಲು ಹೇಳಿದರು. ಕೊರೋನಾ ಇರುವುದು ಖಚಿತವಾಯಿತು. ಮೈಕೋಫಿನೋಲೇಟನ್ನು ಕೆಲಕಾಲ ನಿಲ್ಲಿಸಿ, ಪ್ರೆಡ್ನಿಸೋಲೋನನ್ನು ಯಾವ ಕಾರಣಕ್ಕೂ ತಪ್ಪಿಸಬಾರದೆಂದು ಎಚ್ಚರಿಸಿ, ಮೂರು ದಿನ ವೈರಸ್ಸನ್ನು ತಡೆಯುವ ರೆಮ್ಡೆಸಿವಿರ್ ಇಂಜೆಕ್ಷನ್ ಕೊಡಿಸಿದರು. ಇದು ತಮ್ಮನ ಸ್ಥಿತಿ ನೋಡಿ ಅವನ ವೈದ್ಯರು ನಿರ್ಧರಿಸಿದ ಚಿಕಿತ್ಸೆ. ಬೇರೆಯವರು ತಮ್ಮ ಕಸಿ ವೈದ್ಯರನ್ನೇ ಕೇಳಬೇಕು. ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆಗೆ ಬೆಳಗಿನ ಗುಳಿಗೆಗೆ ಮುಂಚೆ, ಅಂದರೆ ರಾತ್ರಿಯ ಗುಳಿಗೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕೆಂದು ಅಂಗಡಿಯವರು ಮತ್ತೆ ಫೋನ್ ಮಾಡಿ ನೆನಪಿಸಿದ್ದನ್ನು ನಾನು ಮರೆಯಲಾರೆ. ತಮ್ಮ ಚೇತರಿಸಿಕೊಂಡ, ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕೂಡ ಮೊದಲಿನ ಮಟ್ಟದಲ್ಲೇ ಉಳಿಯಿತು.

ದಾಸ್ತಾನಿನ ವಿಷಯದಲ್ಲಿ ದೂರಿಲ್ಲ. ಟ್ಯಾಕ್ರೋಲಿಮಸ್ ಅನ್ನು ವೈದ್ಯರ ಗಮನಕ್ಕೆ ತಾರದೆ ಒಂದು ಕಂಪನಿಯಿಂದ ಮತ್ತೊಂದಕ್ಕೆ ಬದಲಿಸಬಾರದು. ಅದನ್ನರಿತು, ಪ್ರತಿ ರೋಗಿಗೆ ಬೇಕಾದ ಕಂಪನಿಯದನ್ನೇ ತಿಂಗಳು ಮುಗಿಯುವ ಮೊದಲೇ ತರಿಸಿಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಈ ಅಂಗಡಿಯಲ್ಲಿ ಹವಾನಿಯಂತ್ರಣವಿದೆ, ಕರೆಂಟ್ ಹೋದರೆ ಜನರೇಟರ್ ಇದೆ.

ಕೊರತೆಗಳನ್ನೂ ಹೇಳಲೇಬೇಕು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆ ಎನ್ನುವ ಅಮೃತಬಳ್ಳಿಯ ಕಷಾಯ, ಗುಳಿಗೆಗಳನ್ನು ಇಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಗಲ್ಲೆಯ ಮೇಲೆಯೇ ಜೋಡಿಸಿದ್ದಾರೆ. ಆ ಶಕ್ತಿಯನ್ನು ತಗ್ಗಿಸಿಯೇ ಅಂಗವನ್ನು ಉಳಿಸಿಕೊಳ್ಳಬೇಕಾದ ರೋಗಿ ಇವನ್ನು ತಾನಾಗಿ ಸೇವಿಸುವುದು ಅಪಾಯಕಾರಿ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಇಷ್ಟು ತಿಳಿದ ಫಾರ್ಮಸಿಸ್ಟ್ ಇರುವ ಅಂಗಡಿಯಲ್ಲಿ ಅವಕ್ಕೆ ಅಷ್ಟು ಮುಂದಿನ ಜಾಗ ಸಲ್ಲದು. ಮಾಲೀಕರೇ ಫಾರ್ಮಸಿಸ್ಟ್ ಆಗಿರುವುದರಿಂದ ಅವರು ಊಟಕ್ಕೆ ಹೋದಾಗ ಕೆಲಸದ ಹುಡುಗರು ರಿಜಿಸ್ಟರ್ ನೋಡದೆ ಔಷಧ ಕೊಡುವುದನ್ನೂ ನಾನು ಕಂಡಿದ್ದೇನೆ. ಸಂಜೆ ಏಳರ ಹೊತ್ತಿಗೆ ಕೆಮ್ಮುವವರೂ ಸೀನುವವರೂ ಒತ್ತೊತ್ತಾಗಿ ನಿಂತಿರುತ್ತಾರೆ, ಮಾಸ್ಕ್ ಯಾರ ಮುಖದಲ್ಲೂ ಇರುವುದಿಲ್ಲ. ಆದ್ದರಿಂದ ಕಸಿಯಾದವರು ತಾವೇ ಬರದೆ ಮನೆಯವರನ್ನು ಕಳಿಸುವುದು ಒಳ್ಳೆಯದು. ಬರಲೇಬೇಕಾದರೆ ಎನ್95 ಮಾಸ್ಕ್ ಹಾಕಿಕೊಂಡು ಬೆಳಗಿನ ಹೊತ್ತು ಬನ್ನಿ.

ಮಾನ್ವಿ, ಸಿಂಧನೂರು, ದೇವದುರ್ಗದ ಗಿರಾಕಿಗಳಿಗೆ ಬಸ್ಸಿನಲ್ಲಿ ಔಷಧ ಕಳಿಸುವ ಏರ್ಪಾಡೂ ಇದೆ. ಬೇಸಿಗೆಯಲ್ಲಿ ಮೊದಲ ಬಸ್ಸಿಗೇ ಹಾಕಿಸಿ ಎಂದು ಮುಂಚಿತವಾಗಿ ತಿಳಿಸಬೇಕು. ಮೊದಲ ಸಲ ಬರುವವರು ಕಸಿ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ಮತ್ತು ಈಗ ನಡೆದಿರುವ ಎಲ್ಲ ಔಷಧಗಳ ಚೀಟಿಯನ್ನು ತಂದು, ಮಾಲೀಕರ ಎದುರಿನಲ್ಲೇ ರಿಜಿಸ್ಟರ್‌ನಲ್ಲಿ ಬರೆಸಿ.