ಮನೆಯ ಡಿಬಿಗೆ ಟೈಪ್ 2 ಸರ್ಜ್ ಅರೆಸ್ಟರ್: ಕರಾವಳಿಯವರು ಏನು ನೋಡಿ ಕೊಳ್ಳಬೇಕು

ಮಂಗಳೂರು, ಉಡುಪಿ ಕಡೆ ಟಿವಿ, ರೂಟರ್, ಇನ್ವರ್ಟರ್ ಎಸಿಯ ಬೋರ್ಡು ಸುಡುವುದು ಹೆಚ್ಚಾಗಿ ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ, ಇಲ್ಲವೇ ಅಕ್ಟೋಬರಿನ ಗುಡುಗಿಗೆ. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ಲೈನಿನ ಹತ್ತಿರ ಎಲ್ಲೋ ಬಿದ್ದರೂ ಸಾವಿರಗಟ್ಟಲೆ ವೋಲ್ಟ್ ತಂತಿ ಹಿಡಿದು ಒಳಗೆ ಬರುತ್ತದೆ. ಹೀಗೆ ಕ್ಷಣಮಾತ್ರ ನುಗ್ಗುವ ಪೆಟ್ಟೇ ಸರ್ಜ್. ಅದನ್ನು ಡಿಬಿಯಲ್ಲೇ (ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲೇ) ಅರ್ತ್‌ಗೆ ಇಳಿಸುವ ಟೈಪ್ 2 ಅರೆಸ್ಟರ್ ಇಲ್ಲಿನ ಪ್ರತಿ ಮನೆಗೂ ಬೇಕು. ಆದರೆ ಕೂರಿಸುವ ಕ್ರಮ ತಪ್ಪಿದರೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

ಸಿಂಗಲ್ ಫೇಸಿಗೆ 1+1, ತ್ರೀ ಫೇಸಿಗೆ 3+1 ಎಂದು ಕೇಳಿ. ಇದರಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ವೇರಿಸ್ಟರ್ (ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟ್ ಬಿಡುವ ಭಾಗ), ನ್ಯೂಟ್ರಲ್ ಮತ್ತು ಅರ್ತ್ ನಡುವೆ ಗ್ಯಾಸ್ ಟ್ಯೂಬ್ (ಸರ್ಜ್ ಬಂದಾಗ ಮಾತ್ರ ಕರೆಂಟ್ ಬಿಡುವ, ಗ್ಯಾಸ್ ತುಂಬಿದ ಕೊಳವೆ) ಇರುತ್ತದೆ. ಮನೆಯದ್ದೇ ಅರ್ತ್ ಪಿಟ್ ನಂಬಿರುವ ನಮ್ಮ ಕರೆಂಟ್ ಸಂಪರ್ಕಗಳಿಗೆ ಇದೇ ಸರಿ. ವೇರಿಸ್ಟರ್ ಹಳತಾಗಿ ಸೋರಿದರೂ ಕರೆಂಟ್ ಅರ್ತ್‌ಗೆ ಹರಿಯುವುದಿಲ್ಲ. ಲೇಬಲಿನಲ್ಲಿ ಐಇಸಿ 61643-11, ನಾಮಿನಲ್ (ಮತ್ತೆ ಮತ್ತೆ ತಾಳುವ ಸರ್ಜ್) 20 ಕಿಲೋ ಆಂಪಿಯರ್, ಗರಿಷ್ಠ 40, ಪ್ರೊಟೆಕ್ಷನ್ ಲೆವೆಲ್ (ಸರ್ಜಿನ ಹೊತ್ತಿಗೆ ಒಳಗೆ ಬಿಡುವ ವೋಲ್ಟೇಜ್) 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇರಲಿ. ಸತತವಾಗಿ ತಾಳುವ ವೋಲ್ಟೇಜ್ 275 ಇರುವುದಕ್ಕಿಂತ 320 ಇರುವುದು ಮೇಲು, ರಾತ್ರಿ ವೋಲ್ಟೇಜ್ ಏರುವ ಊರುಗಳಲ್ಲಂತೂ ಅದನ್ನೇ ತೆಗೆದುಕೊಳ್ಳಿ. ಛಾವಣಿಯಲ್ಲಿ ಮಿಂಚು ಕಂಬ ಇರುವ ಕಟ್ಟಡಕ್ಕೆ ಬರೀ ಟೈಪ್ 2 ಸಾಲದು. 10/350 (ನೇರ ಸಿಡಿಲಿನ ಅಲೆಯ ಗುರುತು) ಎಂದು ಬರೆದಿರುವ ಟೈಪ್ 1+2 ಬೇಕು.

ಅರೆಸ್ಟರಿನ ಕಾರ್ಟ್ರಿಜ್ (ಬೇಸಿನ ಮೇಲೆ ಕೂರುವ ಭಾಗ) ಬಿಚ್ಚಿ ನೋಡಿದರೆ ಝಿಂಕ್ ಆಕ್ಸೈಡಿನ ಒಂದು ಬಿಲ್ಲೆ, ಅದೇ ವೇರಿಸ್ಟರ್; ಅದಕ್ಕೆ ಬೇಗ ಕರಗುವ ಬೆಸುಗೆಯಿಂದ ಅಂಟಿಸಿದ ಸ್ಪ್ರಿಂಗು. ಪೆಟ್ಟು ತಿಂದು ತಿಂದು ಬಿಲ್ಲೆ ಸೊರಗಿ ಬಿಸಿಯಾದಾಗ ಬೆಸುಗೆ ಕರಗಿ, ಸ್ಪ್ರಿಂಗು ಹಾರಿ, ಕಿಟಕಿ ಹಸಿರಿನಿಂದ ಕೆಂಪಾಗುತ್ತದೆ. ಆಮೇಲೂ ಮನೆಯ ದೀಪ ಉರಿಯುತ್ತಲೇ ಇರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಹಾಗಾಗಿ ಕಾರ್ಟ್ರಿಜ್ ಕೀಳಲು ಬರುವ ಮಾದರಿಯೇ ಒಳ್ಳೆಯದು, ಬೇಸ್ ಹಾಗೇ ಉಳಿಯುತ್ತದೆ.

ಹೆಚ್ಚಿನ ಕಡೆ ಕೆಡುವುದು ತಂತಿಯ ಉದ್ದದಲ್ಲಿ. ಫೇಸಿನಿಂದ ಅರೆಸ್ಟರಿಗೆ, ಅಲ್ಲಿಂದ ಅರ್ತ್ ಬಾರಿಗೆ, ಎರಡೂ ಸೇರಿ 50 ಸೆಂ.ಮೀ. ಮೀರಬಾರದು. ಒಂದು ಮೀಟರ್ ತಂತಿಯ ಇಂಡಕ್ಟೆನ್ಸ್ (ಕರೆಂಟಿನ ದಿಢೀರ್ ಏರಿಕೆಯನ್ನು ತಡೆಯುವ ಗುಣ) ಸುಮಾರು 1 ಮೈಕ್ರೋಹೆನ್ರಿ. ಮೈಕ್ರೋಸೆಕೆಂಡಿಗೆ 1 ಕಿಲೋ ಆಂಪಿಯರಿನಂತೆ ಏರುವ ಸರ್ಜಿಗೆ ಅದೊಂದೇ 1000 ವೋಲ್ಟ್ ಸೇರಿಸುತ್ತದೆ. ಅರೆಸ್ಟರನ್ನು ಡಿಬಿಯ ಒಂದು ಮೂಲೆಗೆ ತಳ್ಳಿ ಎರಡು ಮೀಟರ್ ತಂತಿ ಸುತ್ತಿಟ್ಟರೆ 1.5 ಕಿಲೋವೋಲ್ಟಿನ ಅರೆಸ್ಟರ್ ಟಿವಿಗೆ 3.5 ಕಿಲೋವೋಲ್ಟ್ ಕಳಿಸುತ್ತದೆ. 6 ಚದರ ಮಿ.ಮೀ.ಗಿಂತ ಸಣ್ಣ ತಾಮ್ರ ಬೇಡ. ಆರ್‌ಸಿಸಿಬಿಗಿಂತ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚಿಗಿಂತ) ಮೊದಲು ಕೂರಿಸಿ. ಬ್ಯಾಕಪ್ ಫ್ಯೂಸು ಕಂಪೆನಿಯ ಹಾಳೆಯಲ್ಲಿರುವ ಅಳತೆಯದ್ದೇ ಇರಲಿ.

ಇನ್ನು ಅರ್ತ್. ಪದವಿನ (ಬೋಳು ಗುಡ್ಡದ) ಮುರಕಲ್ಲಿಗೆ ರಾಡ್ ಇಳಿಯುವುದೇ ಕಷ್ಟ, ಇಳಿದರೂ ರೆಸಿಸ್ಟೆನ್ಸ್ ಹೆಚ್ಚು. ಸಾಲದ್ದಕ್ಕೆ ಮೊದಲ ಸಿಡಿಲು ಬರುವುದು ನೆಲ ಪೂರ್ತಿ ಒಣಗಿರುವ ಏಪ್ರಿಲಿನಲ್ಲಿ. ಪಿಟ್ಟಿಗೆ ಬೆಂಟೋನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿ, ಮಾರ್ಚಿನಿಂದಲೇ ನೀರು ಹಾಕಿ, ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲೇ ಅಳೆಯಿಸಿ. ಡಿಶ್ಶಿಗೊಂದು, ಕಂಪ್ಯೂಟರಿಗೊಂದು ಎಂದು ಬೇರೆ ಬೇರೆ ಅರ್ತ್ ತೋಡಿಸುವ ಅಭ್ಯಾಸ ಅಪಾಯಕಾರಿ. ಸಿಡಿಲಿನ ಹೊತ್ತಿಗೆ ಎರಡು ಪಿಟ್ಟುಗಳ ನಡುವೆ ಏಳುವ ವೋಲ್ಟೇಜ್ ಉಪಕರಣದ ಮೂಲಕವೇ ಹಾಯುತ್ತದೆ. ಎಲ್ಲವನ್ನೂ ಒಂದೇ ಅರ್ತ್ ಬಾರಿಗೆ ಜೋಡಿಸಿ.

ತೆಂಗಿನ ಮಡಲು ಬಿದ್ದು ಲೈನಿನ ನ್ಯೂಟ್ರಲ್ ಕಡಿದಾಗ ಅರೆಸ್ಟರ್ ಕಾಯುವುದಿಲ್ಲ. ಆಗ ಫೇಸಿನಲ್ಲಿ 400 ವೋಲ್ಟಿನ ಹತ್ತಿರದವರೆಗೂ ಬಂದು ನಿಲ್ಲಬಹುದು. ಕ್ಷಣಮಾತ್ರದ ಸರ್ಜಿಗೆಂದು ಮಾಡಿದ ಬಿಲ್ಲೆಯೇ ಸುಟ್ಟುಹೋಗುತ್ತದೆ. ಅದಕ್ಕೆ ಓವರ್ ವೋಲ್ಟೇಜ್ ಕಟ್‌ಆಫ್ ಬೇರೆಯೇ ಬೇಕು. ಡಿಬಿಯಿಂದ 10 ಮೀಟರಿಗಿಂತ ದೂರದ ಬಾವಿ ಪಂಪಿನ ಸ್ಟಾರ್ಟರಿಗೆ ಇನ್ನೊಂದು ಅರೆಸ್ಟರ್ ಹಾಕಿ. ಸೋಲಾರಿನ ಡಿಸಿ ಕಡೆಗೆ ಎಸಿ ಕರೆಂಟಿನ ಅರೆಸ್ಟರನ್ನು ಎಂದೂ ಹಾಕಬೇಡಿ, ಬೆಂಕಿ ಹಿಡಿಯಬಹುದು.

ಉಳ್ಳಾಲ, ಮಲ್ಪೆಯಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಟರ್ಮಿನಲ್ ಕಿಲುಬು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿಸಿ ಸ್ಕ್ರೂ ಬಿಗಿ ಮಾಡಿಸಿ; ಪ್ರತಿ ದೊಡ್ಡ ಗುಡುಗಿನ ನಂತರ ಕಿಟಕಿಯ ಬಣ್ಣ ನೋಡಿ.